ಯಾರನ್ನೂ ನಂಬದ ಕಾಗದ

ಜನವರಿ 22, 1788. ಮಂಗಳವಾರ. ಹೇಲ್‌ಬರೋ, ನ್ಯೂ ಹ್ಯಾಂಪ್‌ಶೈರ್

ಇಂದು ಊರಸಭೆ. ಪ್ರಾರ್ಥನಾಮಂದಿರದಲ್ಲಿ ಒಲೆ ಹೊತ್ತಿಸುವ ಪದ್ಧತಿ ಇಲ್ಲದ್ದರಿಂದ ಮಾತಾಡಿದವರ ಬಾಯಿಂದ ಮಾತಿಗಿಂತ ಮೊದಲು ಹಬೆ ಬರುತ್ತಿತ್ತು. ಫಿಲಡೆಲ್ಫಿಯಾದಲ್ಲಿ ಬರೆದು ಕಳಿಸಿರುವ ಹೊಸ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಲು ಮುಂದಿನ ತಿಂಗಳು ಎಕ್ಸಿಟರ್‌ನಲ್ಲಿ ರಾಜ್ಯದ ಸಮಾವೇಶ ಸೇರಲಿದೆ. ನಮ್ಮ ಊರಿನ ಪ್ರತಿನಿಧಿಯಾಗಿ ನನ್ನನ್ನು ಆರಿಸಿದರು.

ನಮ್ಮ ಊರು ಪ್ರತಿನಿಧಿಯನ್ನು ಬಾಯಿಗೆ ಬಂದದ್ದು ಹೇಳಲು ಕಳಿಸುವುದಿಲ್ಲ. ಏನು ಹೇಳಬೇಕೆಂದು ಸಭೆಯೇ ಗೊತ್ತುಮಾಡಿ, ಅವನ ಕೈಯಲ್ಲಿ ಪ್ರಮಾಣ ಮಾಡಿಸಿ ಕಳಿಸುತ್ತದೆ. ನನಗೆ ಸಿಕ್ಕ ಆಜ್ಞೆ: ಬೇಡ ಎನ್ನಬೇಕು. ಜನರ ಹಕ್ಕುಗಳನ್ನು ಆ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ. ಗುಲಾಮರನ್ನು ತರುವ ಹಡಗುಗಳನ್ನು ಇನ್ನೂ ಇಪ್ಪತ್ತು ವರ್ಷ ತಡೆಯುವಂತಿಲ್ಲ ಎಂದು ಬರೆದಿದೆ. ಅಧ್ಯಕ್ಷ ಎಂಬ ಒಬ್ಬ ಮನುಷ್ಯನ ಕೈಗೆ ಸೈನ್ಯವನ್ನೂ ಅಧಿಕಾರವನ್ನೂ ಕೊಟ್ಟಿದೆ. ಈ ಕೊನೆಯ ಆಕ್ಷೇಪವನ್ನು ಸಭೆಯ ಮುಂದಿಟ್ಟವನು ನಾನೇ. ಒಬ್ಬನ ಕೈಯಲ್ಲಿ ಬಹಳ ಅಧಿಕಾರ ಸೇರಿದರೆ ಅವನು ದೊರೆಯಾಗುತ್ತಾನೆ ಎಂದೆ. ಚೆನ್ನಾಗಿ ಮಾತಾಡಿದೆ ಎಂದು ಪಾದ್ರಿಗಳು ಹೇಳಿದರು.

ಆಮೇಲೆ ಕಮ್ಮಾರ ಅಸಾಹೆಲ್ ಕ್ರಾಮ್ ಎದ್ದು ನಿಂತ.

"ಪಡೆಯ ಕ್ಯಾಪ್ಟನ್ನೂ ಜೋಥಮ್ ಫ್ಯಾರಂಡೇ, ನ್ಯಾಯಾಧಿಕಾರಿನೂ ಅವನೇ, ಊರಿನ ಮೂವರು ಮುಖಂಡರಲ್ಲಿ ಒಬ್ಬನೂ ಅವನೇ. ಈಗ ಪ್ರತಿನಿಧಿನೂ ಅವನೇ. ಟೋಪಿ ನಾಲ್ಕು, ತಲೆ ಒಂದೇ. ಪಾಪ, ಚಳಿಗಾಲದಲ್ಲೂ ಬೆವರ್ತಾ ಇರಬೇಕು!"

ಎಲ್ಲರೂ ನಕ್ಕರು. ಪಾದ್ರಿಗಳೂ ನಕ್ಕರು.

ಕ್ರಾಮ್‌ನ ಮೇಲಿನ ದೂರು ಇನ್ನೂ ಬಾಕಿ ಇದೆ. ಅಕ್ಟೋಬರ್ ತಿಂಗಳ ಕವಾಯತು ದಿನ ಅವನು ತಡವಾಗಿ ಬಂದ. ಯಾವುದೋ ಕುದುರೆಗೆ ಲಾಳ ಹೊಡೆಯುತ್ತಿದ್ದನಂತೆ. ಹಿಂದಿನ ಸಾಲಿನಲ್ಲಿ ಹುಡುಗರ ಜೊತೆ ನಿಲ್ಲು ಎಂದು ಆಜ್ಞೆ ಮಾಡಿದೆ. ಅವನು ಇಡೀ ಪಡೆಯ ಮುಂದೆ, "ಪೀಪಾಯಿ ಬಡಿಯೋನು ನನಗೆ ನಿಲ್ಲೋದು ಕಲಿಸ್ತಾನಾ?" ಎಂದು, ಜೊತೆಗೆ ದೇವರ ಹೆಸರನ್ನು ಎಳೆತಂದು ಆಡಬಾರದ ಮಾತು ಆಡಿದ. ಪೀಪಾಯಿ ಮಾಡುವುದು ನನ್ನ ಕಸುಬು. ಕ್ಯಾಪ್ಟನ್ ಆಗಿ ನಾನು ದೂರು ಬರೆದೆ. ಮೇ ತಿಂಗಳ ಕವಾಯತಿನ ಹಿಂದಿನ ದಿನ ನನ್ನ ಅಡುಗೆಮನೆಯಲ್ಲಿ ವಿಚಾರಣೆ. ಹೇಲ್‌ಬರೋಗೆ ನ್ಯಾಯಾಧಿಕಾರಿ ನಾನೊಬ್ಬನೇ. ಬೇರೆ ಯಾರು ನಡೆಸಬೇಕು?

ತಪ್ಪಿತಸ್ಥರ ಕಾಲು ಸಿಕ್ಕಿಸಿ ಎಲ್ಲರೆದುರು ಕೂರಿಸಲು ಮೈದಾನದ ಅಂಚಿನಲ್ಲಿರುವ ಕಾಲುಕೋಳದ ಕೆಳಹಲಗೆ ಕೊಳೆತುಹೋಗಿದೆ. ಅದನ್ನು ಸುಸ್ಥಿತಿಯಲ್ಲಿ ಇಡುವುದು ಊರಿನ ಮುಖಂಡರ ಕೆಲಸ. ನನ್ನ ಕೊಟ್ಟಿಗೆಯಲ್ಲಿ ಒಣಗಿಸಿಟ್ಟ ಓಕ್ ಹಲಗೆಯೊಂದನ್ನು ಅದಕ್ಕೆಂದು ತೆಗೆದಿಟ್ಟೆ. ಮೇ ಒಳಗೆ ಸಿದ್ಧವಾಗಿರಬೇಕು.

ಫೆಬ್ರವರಿ 13. ಎಕ್ಸಿಟರ್

ಹಿಮದಲ್ಲಿ ಮೂರು ದಿನದ ದಾರಿ. ನೂರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದಿದ್ದಾರೆ. ಇಷ್ಟೊಂದು ಜನ ಒಂದೇ ಸೂರಿನ ಕೆಳಗೆ ಕೂತಿರುವುದನ್ನು ನಾನು ಸ್ವಾತಂತ್ರ್ಯ ಯುದ್ಧದ ನಂತರ ನೋಡಿಲ್ಲ. ಆಗ ಎಲ್ಲರ ಕೈಯಲ್ಲೂ ಬಂದೂಕಿತ್ತು. ಇಲ್ಲಿ ಒಬ್ಬ ಮಾತಾಡಿದರೆ ಉಳಿದವರು ಅವನು ಮುಗಿಸುವವರೆಗೆ ಕಾಯುತ್ತಾರೆ. ಕರಾವಳಿಯ ವ್ಯಾಪಾರಿಯ ಪಕ್ಕದಲ್ಲಿ ಗುಡ್ಡಗಾಡಿನ ರೈತ ಕೂತಿದ್ದಾನೆ. ಅವನ ಬೂಟಿಗೆ ಸಗಣಿ ಅಂಟಿದೆ. ವ್ಯಾಪಾರಿ ಮೂಗು ಮುಚ್ಚಿಕೊಳ್ಳಲಿಲ್ಲ. ಕಾನೂನಿನ ಹೊತ್ತಗೆಯನ್ನು ರಾಜನ ಕೈಯಿಂದ ಕಸಿದುಕೊಂಡು ಮೇಜಿನ ಮೇಲೆ ಬಿಚ್ಚಿಟ್ಟು, ಇನ್ನು ಏನು ಬರೆಯೋಣ ಎಂದು ಕೂತ ಹಾಗಿದೆ. ನನ್ನ ತಾತ ಇದನ್ನು ನಂಬುತ್ತಿರಲಿಲ್ಲ.

ಇಳಿದುಕೊಂಡಿರುವುದು ವಿಧವೆ ಡ್ರೌನ್ ಎಂಬಾಕೆಯ ಮನೆಯಲ್ಲಿ. ಜಾಗವಿಲ್ಲದ್ದರಿಂದ ಒಂದು ಹಾಸಿಗೆಗೆ ಇಬ್ಬರು ಪ್ರತಿನಿಧಿಗಳು. ನನ್ನ ಪಾಲಿಗೆ ಬಂದವನು ಝೇಡಕ್ ಹಂಟೂನ್, ಕುರಿ ಸಾಕುವವನು, ನಮ್ಮ ಪಕ್ಕದ ವೆಸ್ಟರ್ಲಿಯವನು. ಅವನಿಗೂ ಊರು "ಬೇಡ" ಎಂದೇ ಆಜ್ಞೆ ಕೊಟ್ಟಿದೆ. ಹೊದಿಕೆಯ ವಿಷಯದಲ್ಲಿ ಮಾತ್ರ ನಮ್ಮ ನಡುವೆ ಭಿನ್ನಾಭಿಪ್ರಾಯ.

ಫೆಬ್ರವರಿ 15

ಇಂದು ಕೇಳಿದ್ದನ್ನು ಮರೆಯುವ ಮೊದಲು ಬರೆಯಬೇಕು.

ಸಂವಿಧಾನದ ಪರವಾದ ವಕೀಲನೊಬ್ಬ ಎದ್ದ. ಸಣಕಲು ದೇಹ, ಶೀತದಿಂದ ಕಟ್ಟಿದ ಗಂಟಲು. ಇಷ್ಟೇ ಹೇಳಿದ: ಕಾನೂನು ಮಾಡುವ ಕೈ ಬೇರೆ ಇರಲಿ, ಅದನ್ನು ಜಾರಿ ಮಾಡುವ ಕೈ ಬೇರೆ ಇರಲಿ, ತಪ್ಪು ಯಾರದೆಂದು ತೂಗುವ ಕೈ ಬೇರೆ ಇರಲಿ. ಮೂರೂ ಒಂದೇ ಮೈಗೆ ಅಂಟಿಕೊಂಡರೆ ಆ ಮೈ ಎಷ್ಟೇ ಒಳ್ಳೆಯದಾಗಿದ್ದರೂ ಅದು ದೊರೆಯ ಮೈ. ಈ ಸಂವಿಧಾನ ಅಧ್ಯಕ್ಷನಿಗೆ ಅಧಿಕಾರ ಕೊಡುವುದು ನಿಜ; ಆದರೆ ಅವನು ಕಾಲಿಟ್ಟಲ್ಲೆಲ್ಲ ಇನ್ನೊಬ್ಬನ ಕಾಲು ಅಡ್ಡ ಇರುವಂತೆ ಮಾಡಿದೆ. ಅವನು ಯುದ್ಧ ನಡೆಸಬಲ್ಲ, ಸಾರಲಾರ. ನ್ಯಾಯಾಧೀಶನನ್ನು ಹೆಸರಿಸಬಲ್ಲ, ತೆಗೆದುಹಾಕಲಾರ. ಕಾನೂನನ್ನು ತಡೆಯಬಲ್ಲ, ಬರೆಯಲಾರ.

ಆಮೇಲೆ ಅವನು ಕೆಮ್ಮಿ, ನೀರು ಕುಡಿದು, ಕೊನೆಯ ಮಾತು ಹೇಳಿದ. "ದೂರು ಕೊಟ್ಟವನೇ ತೀರ್ಪನ್ನೂ ಕೊಡೋ ಕಡೆ, ದೇವದೂತನನ್ನ ತಂದು ಕೂರಿಸಿದರೂ ವರ್ಷ ತುಂಬೋದ್ರೊಳಗೆ ಅವನು ಕೆಡ್ತಾನೆ, ಸ್ವಾಮಿ."

ನಾನು ಬೆಂಚು ತಟ್ಟಿದೆ. ಆ ಮಾತು ಎಷ್ಟು ಸತ್ಯ! ನಮ್ಮ ರಾಜ್ಯದ ಸಂವಿಧಾನದಲ್ಲೂ ಮೂರು ಅಧಿಕಾರಗಳು ಬೇರೆಬೇರೆ ಇರಬೇಕೆಂಬ ಮಾತಿದೆ. ನಾಲ್ಕು ವರ್ಷದ ಹಿಂದೆ ಅದನ್ನು ಊರಸಭೆಯಲ್ಲಿ ಗಟ್ಟಿಯಾಗಿ ಓದಿದವನು ನಾನು. ಆಗ ಅದು ಬರೀ ಓದಾಗಿತ್ತು. ಇಂದು ಕಿವಿಗೆ ಬಿತ್ತು.

ಮಧ್ಯಾಹ್ನದ ಊಟಕ್ಕೆ ಹುರುಳಿಕಾಯಿ ಬೀಜ, ಉಪ್ಪುಹಂದಿ, ಕಂದು ರೊಟ್ಟಿ. ವಕೀಲನ ಮಾತನ್ನು ಹೊಗಳುತ್ತಿದ್ದೆ. ಝೇಡಕ್ ರೊಟ್ಟಿ ಅದ್ದುತ್ತಾ ಕೇಳಿದ: "ಅದಿರಲಿ ಕಣಯ್ಯಾ, ನಿಮ್ಮೂರಲ್ಲಿ ನೀನೇನು?"

"ಪಡೆಯ ಕ್ಯಾಪ್ಟನ್."

"ಸರಿ."

"ನ್ಯಾಯಾಧಿಕಾರಿ."

"ಆಹಾ."

"ಊರಿನ ಮೂವರು ಮುಖಂಡರಲ್ಲಿ ಒಬ್ಬ."

ಅವನು ನಕ್ಕ ರಭಸಕ್ಕೆ ಬೀಜ ಗಂಟಲಿಗೆ ಹೋಯಿತು. ಡ್ರೌನ್ ಅಮ್ಮ ಓಡಿಬಂದು ಬೆನ್ನು ಗುದ್ದಿದರು. "ಇವನು ತನ್ನೂರಿನ ಪಾದ್ರಿನೂ ಆಗಿಬಿಟ್ಟಿದ್ರೆ, ಅಮ್ಮ," ಎಂದ ಕಣ್ಣೀರು ಒರೆಸಿಕೊಂಡು, "ಆ ಊರಿನ ಜನ ಪಾಪ ಮಾಡಿ ಎಲ್ಲಿಗೆ ಹೋಗ್ತಿದ್ರು?"

ಸಣ್ಣ ಊರು, ಓದುಬರಹ ಬಲ್ಲವರು ಕಡಿಮೆ, ಕೆಲಸ ಯಾರಾದರೂ ಮಾಡಬೇಕಲ್ಲ ಎಂದು ವಿವರಿಸಿದೆ. ದೇಶಕ್ಕೆ ಅನ್ವಯಿಸುವುದು ಹೇಲ್‌ಬರೋಗೆ ಅನ್ವಯಿಸುವುದಿಲ್ಲ. ಅದು ಅವನಿಗೆ ಅರ್ಥವಾಗಲಿಲ್ಲ.

ಫೆಬ್ರವರಿ 18

ಇಡೀ ದಿನ ಗುಲಾಮರ ಹಡಗಿನ ಮಾತು. ವಿರೋಧ ಪಕ್ಷದವರು ಚೆನ್ನಾಗಿ ಮಾತಾಡಿದರು. ಝೇಡಕ್ ಕೂಡ ಎದ್ದು, ಟೋಪಿಯನ್ನು ಎದೆಗೆ ಒತ್ತಿಕೊಂಡು, ಒಂದೇ ವಾಕ್ಯ ಹೇಳಿ ಕುಳಿತ: "ಕದ್ದ ಕುರಿನ ಹಂಚ್ಕೊಂಡೋನೂ ಕಳ್ಳನೇ, ಕದ್ದಿದ್ದು ಮನುಷ್ಯ ಆದ್ರೆ ಇನ್ನೇನು ಹೇಳಲಿ?" ಪರವಾದವರು ಕೊಟ್ಟ ಉತ್ತರ ನನಗೆ ಸಾಲಲಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ.

ಸಂಜೆ ಮೇಜಿನ ಸುತ್ತ ವಾದ ಮುಂದುವರಿಯಿತು. ಮೂರು ಅಧಿಕಾರಗಳು ಒಂದರ ಮೇಲೊಂದು ಬಿದ್ದು ಸದಾ ಕಿತ್ತಾಡುತ್ತಿದ್ದರೆ ಸರ್ಕಾರ ನಿಲ್ಲುವುದಾದರೂ ಹೇಗೆ ಎಂದು ಒಬ್ಬ ಕೇಳಿದ. ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು, ಆದರೆ ಇದು ನನ್ನ ಕಸುಬಿನ ವಿಷಯ.

"ಪೀಪಾಯಿಗೆ ನಾವು ಮೊಳೆ ಹೊಡೆಯಲ್ಲ, ಅಂಟು ಹಾಕಲ್ಲ," ಎಂದೆ. "ಒಂದೊಂದು ಮರದ ಪಟ್ಟಿನೂ ಪಕ್ಕದ್ದನ್ನ ಒತ್ತುತ್ತೆ. ಪಕ್ಕದ್ದು ಇದನ್ನ ಒತ್ತುತ್ತೆ. ಯಾವುದೂ ಬಗ್ಗಲ್ಲ. ಅದಕ್ಕೇ ತೊಟ್ಟೂ ಸೋರಲ್ಲ. ಒಂದು ಪಟ್ಟಿ ಮೆತ್ತಗಾಯ್ತೋ, ಪೂರ್ತಿ ಬಿಚ್ಕೊಂಡು ಬೀಳುತ್ತೆ."

ಹೊರಗೆ ಹೋಗಿದ್ದ ಡ್ರೌನ್ ಅಮ್ಮ ಬಾಗಿಲಲ್ಲೇ ನಿಂತು ಕೇಳಿದರು.

"ಒತ್ತೋದು ಸರಿ," ಎಂದ ಝೇಡಕ್. "ಸುತ್ತ ಬಳೆ ಇಲ್ಲದಿದ್ರೆ ಎಲ್ಲಾ ಹೊರಗೆ ಬೀಳುತ್ತಲ್ಲ. ಬಳೆ ಯಾವುದು?"

"ಆ ಕಾಗದ."

"ಬಳೆ ಬಡಿಯೋನು?"

"ನಮ್ಮೂರಲ್ಲಿ ಅಸಾಹೆಲ್ ಕ್ರಾಮ್ ಅಂತ ಕಮ್ಮಾರ," ಎಂದುಬಿಟ್ಟೆ. ಆಮೇಲೆ ಮಾತು ಮುಂದುವರಿಸಲು ಮನಸ್ಸಾಗಲಿಲ್ಲ. ಒಬ್ಬ ಇದನ್ನು ನಾಳೆ ಸಮಾವೇಶದಲ್ಲಿ ಹೇಳಬೇಕೆಂದ. ಪರವಾಗಿ ಮಾತಾಡಲು ಊರು ನನಗೆ ಅಪ್ಪಣೆ ಕೊಟ್ಟಿಲ್ಲ ಎಂದೆ.

ಫೆಬ್ರವರಿ 20

ಝೇಡಕ್‌ನ ಗೊರಕೆ. ತಲೆ ಭಾರ. ಏನೂ ಬರೆಯಲಾರೆ.

ಫೆಬ್ರವರಿ 22

ಸಮಾವೇಶ ಮುಂದಕ್ಕೆ ಹೋಯಿತು. ಈಗ ಮತ ಹಾಕಿದರೆ ಸಂವಿಧಾನ ಸೋಲುವುದು ಖಚಿತವಾಗಿತ್ತು. ಕಾರಣ ವಿಚಿತ್ರ: ಮನಸ್ಸು ಬದಲಾದ ಅನೇಕರ ಕೈಯನ್ನು ಅವರ ಊರು ಕಟ್ಟಿಹಾಕಿದೆ. ಅಂಥವರು ಮನೆಗೆ ಹೋಗಿ ಊರನ್ನು ಕೇಳಿ ಬರಲಿ, ಜೂನ್‌ನಲ್ಲಿ ಕಾಂಕರ್ಡ್‌ನಲ್ಲಿ ಮತ್ತೆ ಸೇರೋಣ ಎಂದು ಸಣ್ಣ ಅಂತರದಿಂದ ತೀರ್ಮಾನವಾಯಿತು. ಗೆಲ್ಲಲಾರದವರು ಬಡಿದಾಡದೆ, ಸೋಲಿಸಬಲ್ಲವರು ಬೀಗದೆ, ಎಲ್ಲರೂ ಕೋಟು ಹಾಕಿಕೊಂಡು ಹೊರಟರು. ಲೋಕದಲ್ಲಿ ಬೇರೆಲ್ಲಾದರೂ ಹೀಗೆ ನಡೆದದ್ದುಂಟೇ?

ಬೀಳ್ಕೊಡುವಾಗ ಝೇಡಕ್ ಕೇಳಿದ: "ನೀನೂ ಕಟ್ಟು ಬಿಚ್ಚಿಸ್ಕೊಳ್ತೀಯಾ?"

"ಗೊತ್ತಿಲ್ಲ," ಎಂದೆ.

"ಗೊತ್ತಿದೆ. ನಿನ್ನ ಮುಖ ನೋಡಿದ್ರೆ ತಿಳಿಯುತ್ತೆ. ನನ್ನದು ಬದಲಾಗಲ್ಲ. ಆದ್ರೂ ಹಾಸಿಗೆ ನಿನ್ನ ಜೊತೆನೇ ಹಂಚ್ಕೊಳ್ತೀನಿ, ನಿನ್ನ ಕಾಲು ಬೆಚ್ಚಗಿರುತ್ತೆ."

ಫೆಬ್ರವರಿ 28. ಮನೆ

ಕ್ರಾಮ್ ನನಗೆ ಕೊಡಬೇಕಾಗಿದ್ದ ಕಬ್ಬಿಣದ ಬಳೆಗಳನ್ನು ಕಳಿಸಿಲ್ಲ. ಹೊರಗಿನ ಸುದ್ದಿ ಅದಕ್ಕಿಂತ ಕೆಟ್ಟದ್ದು. ಅವನು ಊರು ಬಿಡುತ್ತಿದ್ದಾನೆ. ನದಿಯಾಚೆ ವರ್ಮಾಂಟ್‌ಗೆ ಹೋಗುತ್ತಾನಂತೆ. ಕಬ್ಬಿಣ ಬಡಿಯುವ ಅಡಿಗಲ್ಲನ್ನು ಹಿಮದ ಮೇಲೆ ಜಾರುಬಂಡಿಯಲ್ಲಿ ಮಾತ್ರ ಸಾಗಿಸಲು ಸಾಧ್ಯ; ಕರಗಿದರೆ ಕೆಸರಿನಲ್ಲಿ ಎತ್ತುಗಳು ಹೊಟ್ಟೆಮಟ್ಟ ಹೂತುಹೋಗುತ್ತವೆ. ಆದ್ದರಿಂದ ಮಾರ್ಚ್ ಮುಗಿಯುವುದರೊಳಗೆ ಹೊರಡುತ್ತಾನೆ.

"ಕೋಳದಲ್ಲಿ ಕಾಲಿಟ್ಟು ಕೂತು, ಮಾರನೇ ದಿನ ಅದೇ ಜನರ ಕುದುರೆಗೆ ಲಾಳ ಹೊಡೆಯೋಕೆ ನನ್ನಿಂದಾಗಲ್ಲ," ಎಂದು ಅಂಗಡಿಯಲ್ಲಿ ಹೇಳಿದನಂತೆ. ವಿಚಾರಣೆ ಇನ್ನೂ ನಡೆದೇ ಇಲ್ಲ. ಕೋಳದ ಮಾತು ಯಾಕೆ?

ಯುದ್ಧದಲ್ಲಿ ನಾನೂ ಅವನೂ ಒಂದೇ ಕಂಬಳಿಯಲ್ಲಿ ಮಲಗಿದ್ದೆವು. ಹದಿನೈದು ವರ್ಷದಿಂದ ನನ್ನ ಪೀಪಾಯಿಗಳ ಮೇಲೆ ಅವನ ಬಳೆ ಇದೆ.

ಮಾರ್ಚ್ 3

ದೂರು ಬಾಕಿ ಇರುವಾಗ ಊರು ಬಿಡುವವನನ್ನು ತಡೆಯುವ ಅಧಿಕಾರ ನ್ಯಾಯಾಧಿಕಾರಿಗೆ ಇದೆ. ಆಜ್ಞೆ ಬರೆದೆ. ಸಹಿ ಹಾಕಿ, ಮಸಿ ಹೀರಲು ಮರಳು ಉದುರಿಸಿ, ಒಣಗಲು ಮೇಜಿನ ಮೇಲಿಟ್ಟೆ.

ಹೆಂಡತಿ ಕೆಜಾಯಾ ರೊಟ್ಟಿಹಿಟ್ಟು ನಾದುತ್ತಿದ್ದಳು. ನನ್ನನ್ನು ಅವಳು "ಫ್ಯಾರಂಡ್‌ರೇ" ಎನ್ನುವುದು ಕೋಪ ಬಂದಾಗ ಮಾತ್ರ.

"ಫ್ಯಾರಂಡ್‌ರೇ, ದೂರು ನಿಮ್ಮದು. ತೀರ್ಪು ನಿಮ್ಮದು. ಹಿಡಿದುತರೋ ಆಜ್ಞೆ ನಿಮ್ಮದು. ಕೋಳಕ್ಕೆ ತೆಗೆದಿಟ್ಟಿರೋ ಹಲಗೆನೂ ನಿಮ್ಮ ಕೊಟ್ಟಿಗೆಯದ್ದೇ. ಕಾಲು ಮಾತ್ರ ಅಸಾಹೆಲ್‌ದು."

"ನಾನು ನ್ಯಾಯವಾಗಿ ವಿಚಾರಿಸ್ತೀನಿ ಅಂತ ನಿನಗೆ ನಂಬಿಕೆ ಇಲ್ವಾ?"

"ಇದೆ. ಅದಕ್ಕೇ ಹೆದರಿಕೆ. ನಿಮಗೂ ಆ ನಂಬಿಕೆ ಇದೆಯಲ್ಲ."

ಹೆಂಗಸರು ಹೀಗೆ ಅರ್ಧಕ್ಕೆ ಮಾತು ನಿಲ್ಲಿಸುತ್ತಾರೆ. ಆಜ್ಞೆಯನ್ನು ಪೇದೆಯ ಕೈಗೆ ಕೊಡಲು ಇಂದು ಸಮಯವಾಗಲಿಲ್ಲ.

ಮಾರ್ಚ್ 11. ಮಂಗಳವಾರ

ವಾರ್ಷಿಕ ಊರಸಭೆ. ಎಕ್ಸಿಟರ್‌ನಲ್ಲಿ ಕೇಳಿದ್ದನ್ನೆಲ್ಲ, ಎರಡೂ ಕಡೆಯದನ್ನು, ಕ್ರಮವಾಗಿ ಹೇಳಿದೆ. ಝೇಡಕ್ ಹೇಳಿದ ಮಾತನ್ನೂ ಬಿಡಲಿಲ್ಲ. ಕೊನೆಗೆ, ನನ್ನ ಕೈ ಕಟ್ಟಿದ ಆಜ್ಞೆಯನ್ನು ಬಿಚ್ಚಬೇಕು, ಜೂನ್‌ನಲ್ಲಿ ಕೇಳಿದ್ದನ್ನು ಕೇಳಿ ಮತ ಹಾಕುವ ಸ್ವಾತಂತ್ರ್ಯ ಕೊಡಬೇಕು ಎಂದು ಬೇಡಿಕೊಂಡೆ. ಆಜ್ಞೆ ಕೊಡುವುದು ನನಗೆ ಅಭ್ಯಾಸ. ಬೇಡುವುದು ಬಹಳ ಕಷ್ಟದ ಕೆಲಸ. ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ.

ಗದ್ದಲವಾಯಿತು. ಕರಾವಳಿಯವರ ಊಟ ಉಂಡು ಬಂದಿದ್ದಾನೆ ಎಂದು ಒಬ್ಬ ಕೂಗಿದ. ಪ್ರತಿನಿಧಿ ಎಂದರೆ ಊರಿನ ಬಾಯಿ, ಬಾಯಿಗೆ ಸ್ವಂತ ಮನಸ್ಸು ಇರಬಾರದು ಎಂದು ಪಾದ್ರಿಗಳು ಹೇಳಿದರು. ಸೋತೆ ಅಂದುಕೊಂಡೆ. ಆಗ ಹಿಂದಿನ ಬೆಂಚಿನಿಂದ ಕ್ರಾಮ್ ಎದ್ದ. ಈ ತಿಂಗಳೇ ಊರು ಬಿಡುವವನಿಗೆ ಮಾತಾಡಲು ಹಕ್ಕಿದೆಯೇ ಎಂದು ಯಾರೋ ಕೇಳಿದರು.

"ಹಿಮ ಇನ್ನೂ ಇದೆ, ನಾನೂ ಇನ್ನೂ ಇದ್ದೀನಿ," ಎಂದ. "ಅಂಗಡಿಲಿ ಆ ಸಂವಿಧಾನನ ಎರಡು ಸಲ ಓದಿಸಿ ಕೇಳಿದೆ. ಅಧ್ಯಕ್ಷನ್ನ ಅದು ನಂಬಲ್ಲ. ಕಾನೂನು ಮಾಡೋರನ್ನ ನಂಬಲ್ಲ. ಜಡ್ಜ್‌ಗಳನ್ನೂ ನಂಬಲ್ಲ. ನಮ್ಮನ್ನೂ ನಂಬಲ್ಲ. ಯಾರನ್ನೂ ನಂಬದ ಕಾಗದ ಅದು. ನಾನು ಹುಟ್ಟಿದ ಮೇಲೆ ಅಷ್ಟು ಬುದ್ಧಿ ಇರೋ ಕಾಗದ ನೋಡೇ ಇಲ್ಲ."

ನಗು.

"ಜೋಥಮ್ ಫ್ಯಾರಂಡ್‌ನ ನಾನು ನಂಬ್ತೀನಾ? ಇಲ್ಲ. ಯಾಕಂತ ನಿಮಗೆಲ್ಲ ಗೊತ್ತು. ಆದ್ರೆ ಕಿವಿಗೆ ಬಟ್ಟೆ ಕಟ್ಟಿ ಕಳಿಸೋದಾದ್ರೆ ಮನುಷ್ಯನ್ನ ಯಾಕೆ ಕಳಿಸ್ಬೇಕು? ಕುರಿ ಕಳಿಸಿ. ಅದೂ 'ಬ್ಯಾ' ಅನ್ನುತ್ತೆ. ಅವನ ಕಟ್ಟು ಬಿಚ್ಚಿ."

ಕೈ ಎತ್ತಿಸಿದರು. ಎರಡು ಸಲ ಎಣಿಸಬೇಕಾಯಿತು. ಬಿಚ್ಚಿದರು.

ಊರಿನ ಮುಖಂಡರ ಸ್ಥಾನಕ್ಕೆ ಈ ವರ್ಷ ನನ್ನ ಹೆಸರು ಬೇಡ ಎಂದೆ. ಕಾಂಕರ್ಡ್‌ಗೆ ಹೋಗುವುದಿದೆ, ಅಂಗಡಿಯಲ್ಲಿ ಕೆಲಸವೂ ಹೆಚ್ಚು.

ಹೊರಗೆ ಕ್ರಾಮ್‌ನ ಹಿಂದೆ ಓಡಿಹೋಗಿ, "ದೂರು ಹರಿದು ಹಾಕ್ತೀನಿ, ಇಲ್ಲೇ ಇರು," ಎಂದೆ. ಋಣ ತೀರಿಸಿದಂತಾಗುತ್ತದೆ ಎಂದು ಎಣಿಸಿದ್ದೆ.

ಅವನು ಕೈಗವಸು ಹಾಕಿಕೊಳ್ಳುತ್ತಾ ನನ್ನನ್ನು ನೋಡಿದ. "ಬೇಡ, ಜೋಥಮ್. ಬಿಗಿದ ಮುಷ್ಟಿನೂ ನಿನ್ನದೇ, ಬಿಚ್ಚಿದ ಕೈನೂ ನಿನ್ನದೇ. ಇವತ್ತು ಮನಸ್ಸು ಚೆನ್ನಾಗಿದೆ, ಹರಿದು ಹಾಕ್ತೀಯಾ. ನಾಳೆ ಹಲ್ಲುನೋವು ಬಂದ್ರೆ? ನಿನ್ನ ದಯೆ ಮೇಲೆ ಬದುಕೋದಕ್ಕಿಂತ ವರ್ಮಾಂಟ್ ಏನು ಕೆಟ್ಟದ್ದಲ್ಲ. ನಾನು ತಪ್ಪು ಮಾಡಿದೀನೋ ಇಲ್ವೋ, ಯಾರಾದ್ರೂ ನೋಡಿ ಹೇಳ್ಲಿ. ನೀನಲ್ಲ."

ಕ್ಷಮೆಯನ್ನೇ ನಿರಾಕರಿಸುವ ಮನುಷ್ಯ. ಮನೆಗೆ ಬಂದು ಊಟ ಮಾಡಲಿಲ್ಲ.

ಮಾರ್ಚ್ 13

ಬೆಳಿಗ್ಗೆ ವೆಸ್ಟರ್ಲಿಗೆ ಹೋಗಿ, ಅಲ್ಲಿನ ನ್ಯಾಯಾಧಿಕಾರಿ ಲೆಮ್ಯುಯೆಲ್ ಗೋವ್ ಅವರಿಗೆ ದೂರನ್ನು ಒಪ್ಪಿಸಿ ಬಂದೆ. ಮೊದಲು ಅವರು ಒಪ್ಪಲಿಲ್ಲ. "ನಿನಗೇ ಅಧಿಕಾರ ಇದೆಯಲ್ಲಪ್ಪ, ನನ್ನ ತಲೆಗೆ ಯಾಕೆ ಕಟ್ತೀಯ?" ಎಂದರು. ಅಧಿಕಾರ ಇದೆ, ಅದಕ್ಕೇ ತಂದೆ ಎಂದೆ. ಹಾಗೆ ಏಕೆ ಹೇಳಿದೆನೋ ತಿಳಿಯದು, ಆದರೆ ಅವರು ಸುಮ್ಮನೆ ಕೈಚಾಚಿ ತೆಗೆದುಕೊಂಡರು. ಮೂರನೆಯ ತಾರೀಖು ಬರೆದ ಆಜ್ಞೆಯನ್ನು ಒಲೆಗೆ ಹಾಕಿದೆ.

ಮಾರ್ಚ್ 20. ಗುರುವಾರ

ವೆಸ್ಟರ್ಲಿಯ ಅಡುಗೆಮನೆಯಲ್ಲಿ ವಿಚಾರಣೆ. ಕ್ರಾಮ್ ತನ್ನ ಎರಡು ಎತ್ತುಗಳನ್ನು ಕಟ್ಟಿದ ಜಾರುಬಂಡಿಯಲ್ಲೇ ಬಂದ. ಅಡಿಗಲ್ಲು, ತಿದಿ, ಇಕ್ಕಳ, ಹೆಂಡತಿ, ಹಾಸಿಗೆ, ಕೋಳಿಬುಟ್ಟಿ, ಎಲ್ಲ ಬಂಡಿಯ ಮೇಲೆ. ವರ್ಮಾಂಟ್ ದಾರಿ ವೆಸ್ಟರ್ಲಿಯ ಮೂಲಕವೇ ಹೋಗುತ್ತದೆ. ತೀರ್ಪು ಹೇಗಾದರೂ ಬರಲಿ ಎಂದು ಸಿದ್ಧನಾಗಿ ಬಂದಿದ್ದ. ಬಂಡಿಯನ್ನು ಮನೆಯ ಮುಂದೆ ಪಶ್ಚಿಮಕ್ಕೆ, ವರ್ಮಾಂಟ್ ಕಡೆಗೆ ಮುಖಮಾಡಿ ನಿಲ್ಲಿಸಿದ್ದ.

ಅಡುಗೆಮನೆಯ ಮೇಜುಗಳೆಲ್ಲ ಒಂದೇ. ನನ್ನ ಮನೆಯದ್ದೂ ಹೀಗೇ ಇದೆ. ಆದರೆ ನಾನು ಎಂದೂ ಮೇಜಿನ ಈ ಬದಿಯಲ್ಲಿ ನಿಂತಿರಲಿಲ್ಲ. ಈ ಬದಿಯಿಂದ ನೋಡಿದರೆ ಆಚೆ ಕೂತ ಮನುಷ್ಯ ಎತ್ತರವಾಗಿ ಕಾಣುತ್ತಾನೆ. ಗೋವ್ ಅವರು ಕುಳ್ಳು, ಹಲ್ಲಿಲ್ಲ, ಅಂಗಿಯ ಮೇಲೆ ಮೊಟ್ಟೆಯ ಕಲೆ ಇತ್ತು. ಆದರೂ ಅವರು, "ಟೋಪಿ," ಎಂದಾಗ ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು.

"ಕ್ಯಾಪ್ಟನ್, ಇವನು ತಡವಾಗಿ ಬಂದದ್ದು ನಿಜವೋ?"

"ನಿಜ."

"ಯಾಕೆ ತಡ ಅಂತ ಕೇಳಿದ್ರಾ?"

"ಯಾವುದೋ ಕುದುರೆಗೆ ಲಾಳ..."

"ಯಾರ ಕುದುರೆ?"

ಗೊತ್ತಿಲ್ಲ ಎಂದೆ.

ಅವರು ಕ್ರಾಮ್‌ನ ಕಡೆ ತಿರುಗಿದರು. ಡಾಕ್ಟರ ಕುದುರೆ, ಎಂದ ಅವನು. ಅಂದು ಬೆಳಗಿನಿಂದ ಇದೇ ವೆಸ್ಟರ್ಲಿಯಲ್ಲಿ ಒಬ್ಬಾಕೆಗೆ ಹೆರಿಗೆ ಕಷ್ಟವಾಗಿತ್ತು. ಡಾಕ್ಟರು ನಮ್ಮೂರಿನ ಮೂಲಕ ಓಡುವಾಗ ಲಾಳ ಕಳಚಿತ್ತು. ಗೋವ್ ಅವರ ಹೆಂಡತಿ ಬೆಣ್ಣೆ ಕಡೆಯುವುದನ್ನು ನಿಲ್ಲಿಸಿ, "ಅಯ್ಯೋ, ಅದು ಆ ದಿನವಾ! ಮಗು ಅಡ್ಡವಾಗಿತ್ತು. ಈಗ ಕೂತ್ಕೊಳ್ಳುತ್ತೆ," ಎಂದರು.

"ಇದನ್ನ ಕ್ಯಾಪ್ಟನ್‌ಗೆ ಯಾಕೆ ಹೇಳಲಿಲ್ಲ?" ಎಂದು ಗೋವ್ ಕೇಳಿದರು.

"ಕೇಳಿದ್ರೆ ಹೇಳ್ತಿದ್ದೆ."

ಐದು ತಿಂಗಳು. ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ದೂರಿನಲ್ಲಿ ಬರೆದ ಪ್ರತಿ ಮಾತೂ ಸತ್ಯ. ಅದನ್ನು ಬರೆದವನೇ ಓದಿದ್ದರೆ ಸತ್ಯ ಅಷ್ಟೇ ಆಗಿ ಉಳಿಯುತ್ತಿತ್ತು. ಬೇರೆ ಒಬ್ಬ ಮುದುಕ, ಒಂದೇ ಪ್ರಶ್ನೆ, ಅಷ್ಟರಲ್ಲಿ ಕೋಣೆಯೊಳಗೆ ಒಂದು ಮಗು ಬಂದು ಕೂತಿತು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ಎಕ್ಸಿಟರ್‌ನ ದೊಡ್ಡ ಸಭೆಯಲ್ಲೂ ನನಗೆ ಹೀಗಾಗಿರಲಿಲ್ಲ.

ತೀರ್ಪು: ತಡವಾದದ್ದಕ್ಕೆ ತಪ್ಪಿಲ್ಲ. ದೇವರ ಹೆಸರನ್ನು ಎಳೆತಂದದ್ದು ತಪ್ಪು. ಅದಕ್ಕೆ ಎದ್ದು ನಿಂತು ಬುದ್ಧಿಮಾತು ಕೇಳಬೇಕು. ಕ್ರಾಮ್ ಎದ್ದು ನಿಂತ. ಗೋವ್ ಅವರು ಬಹಳ ಹೊತ್ತು ಬುದ್ಧಿಮಾತು ಹೇಳಿದರು, ಅರ್ಧ ಅವನಿಗೆ, ಉಳಿದರ್ಧ ನನಗೆ ಎಂದು ತೋರಿತು. ಕೋಳದ ಮಾತೇ ಬರಲಿಲ್ಲ.

ಹೊರಗೆ ಬಂದ ಕ್ರಾಮ್ ಬಂಡಿಯ ಅಂಚಿನ ಮೇಲೆ ಕೂತ. ಕೋಳಿಗಳು ಬುಟ್ಟಿಯಲ್ಲಿ ಕೊಕ್ಕೊಕ್ಕೆನ್ನುತ್ತಿದ್ದವು. ಸೂರ್ಯ ಬಂದು ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಮ ಇನ್ನು ಹೆಚ್ಚು ದಿನ ಇರುವುದಿಲ್ಲ. ನಾನು ನನ್ನ ಕುದುರೆಯ ಪಕ್ಕದಲ್ಲಿ ನಿಂತು, ಸರಿಯಾಗಿಯೇ ಇದ್ದ ಜೀನಿನ ಪಟ್ಟಿಯನ್ನು ಮತ್ತೆ ಸರಿಮಾಡುತ್ತಿದ್ದೆ.

"ತಪ್ಪು ಮಾಡಿದೀನಿ ಅಂದ್ರಲ್ಲ," ಎಂದ ಕೊನೆಗೆ, ಯಾರಿಗೂ ಅಲ್ಲದ ಹಾಗೆ.

"ಸ್ವಲ್ಪ," ಎಂದೆ.

"ಸ್ವಲ್ಪ ಮಾಡಿದ್ದೆ." ಎದ್ದು, ಎತ್ತುಗಳ ಮೂಗು ಸವರಿ, ನೊಗ ಹಿಡಿದು, ಅವನ್ನು ಪೂರ್ವಕ್ಕೆ ತಿರುಗಿಸಿದ. ಕಿರಿದಾದ ದಾರಿ, ಭಾರವಾದ ಅಡಿಗಲ್ಲು. ಬಂಡಿ ತಿರುಗಲು ಬಹಳ ಕಷ್ಟಪಟ್ಟಿತು. ನಾನು ಹಿಂದಿನಿಂದ ತಳ್ಳಿದೆ.

ಏಪ್ರಿಲ್ 9

ಕ್ಯಾಪ್ಟನ್ ಹುದ್ದೆ ಬಿಟ್ಟುಕೊಡುವುದಾಗಿ ಕರ್ನಲ್‌ಗೆ ತಿಳಿಸಿದೆ. ಇತ್ತೀಚೆಗೆ ಗಂಟಲು ಸರಿಯಿಲ್ಲ, ಮೈದಾನದಲ್ಲಿ ಕೂಗಲು ಆಗುವುದಿಲ್ಲ. ನ್ಯಾಯಾಧಿಕಾರಿಯ ಕೆಲಸ ಇಟ್ಟುಕೊಂಡಿದ್ದೇನೆ. ಅದಕ್ಕೆ ಕೂಗುವ ಅಗತ್ಯವಿಲ್ಲ.

ಕೆಜಾಯಾ ಮೇಪಲ್ ಸಕ್ಕರೆ ಕಾಯಿಸಿದಳು. ಊಟವಾದ ಮೇಲೆ ಸಂವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಓದಿ ಹೇಳಿದೆ. "ಗಟ್ಟಿಯಾಗಿ ಓದ್ತೀರಲ್ಲ, ಗಂಟಲು ನೋವಿಲ್ವಾ?" ಎಂದಳು.

ಮೇ 16

ಬಳೆಗಳು ಬಂದವು, ಹಳೆಯವಕ್ಕಿಂತ ಚೆನ್ನಾಗಿವೆ. ಕೋಳಕ್ಕೆಂದು ತೆಗೆದಿಟ್ಟ ಓಕ್ ಹಲಗೆ ದಾರಿಗೆ ಅಡ್ಡವಾಗಿತ್ತು, ಸೀಳಿ ಪೀಪಾಯಿಯ ಪಟ್ಟಿ ಮಾಡಿದೆ. ಕರ್ನಲ್ ಊರವರ ಅಭಿಪ್ರಾಯ ಕೇಳಿ ಹೊಸ ಕ್ಯಾಪ್ಟನ್ ಹೆಸರನ್ನು ಮೇಲಕ್ಕೆ ಕಳಿಸಿದ್ದಾರೆ. ಕ್ರಾಮ್‌ನದು. ನನ್ನನ್ನು ಕೇಳಿದಾಗ, ಅವನಿಗೆ ಗಂಟಲು ಚೆನ್ನಾಗಿದೆ ಎಂದೆ.

ಜೂನ್ 21. ಶನಿವಾರ. ಕಾಂಕರ್ಡ್

ಮಧ್ಯಾಹ್ನ ಮತ ಕೇಳಿದರು. ಒಬ್ಬೊಬ್ಬರ ಹೆಸರು ಕೂಗುತ್ತಾರೆ, ಒಬ್ಬೊಬ್ಬರು ಎದ್ದು ಹೇಳುತ್ತಾರೆ. ಎಂಟು ರಾಜ್ಯಗಳು ಈಗಾಗಲೇ ಒಪ್ಪಿವೆ, ಒಂಬತ್ತನೆಯದು ಒಪ್ಪಿದರೆ ಸಂವಿಧಾನ ಜಾರಿಗೆ ಬರುತ್ತದೆ. ಕಿಟಕಿಗಳು ತೆರೆದಿದ್ದವು. ಹೊರಗೆ ಹುಲ್ಲು ಕೊಯ್ಯುವ ಸದ್ದು ಬರುತ್ತಿತ್ತು. ಹೆಸರು ಕೂಗಲು ಶುರುವಾದ ಮೇಲೆ ಅದೂ ನಿಂತಿತು. ಕೊಯ್ಯುವವರು ಕಿಟಕಿಯ ಹತ್ತಿರ ಬಂದು ನಿಂತಿದ್ದರು.

ಝೇಡಕ್ ಎದ್ದು "ಬೇಡ" ಎಂದ. ಅವನು ಫೆಬ್ರವರಿಯಲ್ಲಿ ಗುಲಾಮರ ಬಗ್ಗೆ ಹೇಳಿದ್ದಕ್ಕೆ ಇಂದಿಗೂ ಉತ್ತರ ಸಿಕ್ಕಿಲ್ಲ, ಈ ಕಾಗದದಲ್ಲಿ ಸಿಗುವುದೂ ಇಲ್ಲ. ಅದು ಗೊತ್ತಿದ್ದೇ ನಾನು ಎದ್ದು "ಹೌದು" ಎಂದೆ. ಹಕ್ಕುಗಳನ್ನು ಸೇರಿಸಿ ತಿದ್ದಬೇಕೆಂಬ ಪಟ್ಟಿ ಜೊತೆಗೆ ಹೋಗುತ್ತಿದೆ. ಯಾರನ್ನೂ ನಂಬದ ಕಾಗದ ತನ್ನನ್ನೂ ಪೂರ್ತಿ ನಂಬಿಲ್ಲ, ತನ್ನನ್ನು ತಿದ್ದುವ ದಾರಿಯನ್ನು ತನ್ನೊಳಗೇ ಬರೆದುಕೊಂಡಿದೆ. ಈ ಒಂದು ಸಾಲನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ತೀರುವುದಿಲ್ಲ.

ಹತ್ತು ಮತಗಳ ಅಂತರ. ಒಪ್ಪಿಗೆಯಾಯಿತು. ರಾಜ ಇಲ್ಲ, ತೋಪು ಇಲ್ಲ, ರಕ್ತ ಇಲ್ಲ. ಬೆವರಿನ ವಾಸನೆಯ ಒಂದು ಕೋಣೆಯಲ್ಲಿ ರೈತರು, ವಕೀಲರು, ಒಬ್ಬ ಪೀಪಾಯಿ ಮಾಡುವವನು ಬಾಯಿ ತೆರೆದು ಒಂದೊಂದು ಮಾತು ಹೇಳಿದರು. ಇಲ್ಲದ ದೇಶವೊಂದು ಇದೆ ಎಂದಾಯಿತು. ಆಮೇಲೆ ಗಂಟೆ ಬಾರಿಸಿದರು.

ಝೇಡಕ್ ನನ್ನ ಕೈ ಹಿಡಿದ. "ಸರಿ ಕಣಯ್ಯಾ. ಪೀಪಾಯಿ ಕಟ್ಟಿದ್ದೀರಿ. ಸೋರಿದ್ರೆ ಕೂಗ್ತೀನಿ."

"ಜೋರಾಗಿ ಕೂಗು," ಎಂದೆ.

ಜೂನ್ 23. ಸೋಮವಾರ. ಮನೆ

ನಿನ್ನೆ ಭಾನುವಾರ, ಪ್ರಯಾಣ ನಿಷಿದ್ಧ. ಇಂದು ಬೆಳಕು ಹರಿಯುವ ಮೊದಲೇ ಕಾಂಕರ್ಡ್ ಬಿಟ್ಟರೂ ಹೇಲ್‌ಬರೋ ತಲುಪುವಾಗ ಕವಾಯತು ಶುರುವಾಗಿಬಿಟ್ಟಿತ್ತು. ನೇರ ಮೈದಾನಕ್ಕೆ ಹೋದೆ. ಇಡೀ ಪಡೆ ತಿರುಗಿ ನೋಡಿತು. ಕ್ಯಾಪ್ಟನ್ ಕ್ರಾಮ್ ಮುಂದೆ ಬಂದ.

"ತಡವಾಯ್ತು, ಜೋಥಮ್ ಫ್ಯಾರಂಡ್. ಕಾರಣ?"

"ಕಾಂಕರ್ಡ್‌ನಲ್ಲಿದ್ದೆ, ಕ್ಯಾಪ್ಟನ್. ಸಂವಿಧಾನ ಒಪ್ಪಿಗೆಯಾಯ್ತು. ಒಂಬತ್ತನೇ ರಾಜ್ಯ ನಮ್ಮದೇ."

ಸಾಲಿನೊಳಗೆ ಗುಜುಗುಜು ಎದ್ದಿತು. ಅವನು ಕೈಯೆತ್ತಿ ನಿಲ್ಲಿಸಿದ. ಅವನ ಮುಖದಲ್ಲಿ ಏನೋ ಹಾದುಹೋಯಿತು, ಆದರೆ ದಟ್ಟ ಗಡ್ಡದಲ್ಲಿ ಅದೇನೆಂದು ಕಾಣಲಿಲ್ಲ.

"ಅದು ಶನಿವಾರ. ನಿನ್ನೆ?"

"ನಿನ್ನೆ ಭಾನುವಾರ. ಕುದುರೆ ಏರಿದ್ರೆ ನ್ಯಾಯಾಧಿಕಾರಿ ಹಿಡೀತಿದ್ದ."

"ನ್ಯಾಯಾಧಿಕಾರಿ ನೀನೇ ಅಲ್ವಾ?"

"ಹೌದು, ಕ್ಯಾಪ್ಟನ್. ಅದಕ್ಕೇ ಏರಲಿಲ್ಲ."

ಪಡೆ ನಕ್ಕಿತು. "ಒಳ್ಳೆ ಕಾರಣ," ಎಂದ ಕ್ರಾಮ್. "ದೂರಿಲ್ಲ. ಆದ್ರೂ ಸಾಲು ತುಂಬಿದೆ. ಹಿಂದೆ ಹೋಗಿ ಹುಡುಗರ ಜೊತೆ ನಿಲ್ಲು."

ಹಿಂದೆ ಹೋದೆ. ಬಂದೂಕು ಮನೆಯಲ್ಲಿತ್ತು. ಅಲ್ಲಿದ್ದವರು ಕೋಲು ಹಿಡಿದಿದ್ದರು, ನನಗೂ ಒಂದು ಕೊಟ್ಟರು. ಎಡಕ್ಕೆ ತಿರುಗಿ ಎಂದು ಆಜ್ಞೆ ಬಂತು. ಕೋಲು ಹೆಗಲಿಗೇರಿಸಿ ತಿರುಗಿದೆ.